ಹಿಟ್ಟು ತಿಂದು ಬೆಟ್ಟ ಹತ್ತಿದರೆ ಕರಗುವುದೆಷ್ಟು?

ಶ್ರೀರಂಗಪಟ್ಟಣದ ಪಕ್ಕದ ಕರಿಘಟ್ಟಕ್ಕೆ ಗಾಡಿ ಹೋಗುವ ರಸ್ತೆಯೂ ಇದೆ, ಮೆಟ್ಟಿಲೂ ಇವೆ. ರಸ್ತೆ ಬಿಟ್ಟು ಮೆಟ್ಟಿಲು ಹಿಡಿದು ಬಂದವರನ್ನು ಶ್ರೀನಿವಾಸನ ಗುಡಿ ಮುಂದೆ ನಿಲ್ಲಿಸಿ, ‘ಎಷ್ಟು ಕ್ಯಾಲೊರಿ ಕರಗಿರಬಹುದು?’ ಎಂದು ಕೇಳಿ ನೋಡಿ. ಮುನ್ನೂರು, ನಾನೂರು ಎನ್ನುವ ಉತ್ತರ ಸಲೀಸಾಗಿ ಬರುತ್ತದೆ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಂಗಿ ಬೆನ್ನಿಗೆ ಅಂಟಿರುತ್ತದೆ, ಮೊಣಕಾಲು ಅದುರುತ್ತಿರುತ್ತದೆ. ಇಷ್ಟೆಲ್ಲ ಆದ ಮೇಲೆ ಸಣ್ಣ ಸಂಖ್ಯೆ ಹೇಳಲು ಮನಸ್ಸಾದರೂ ಹೇಗೆ ಬಂದೀತು?

ಲೆಕ್ಕ ಮಾತ್ರ ಸಣ್ಣದೇ. ಹತ್ತಿದ್ದು ನೇರ ಎತ್ತರದಲ್ಲಿ 100 ಮೀಟರ್, ಹತ್ತಿದವರ ತೂಕ 65 ಕೆ.ಜಿ. ಎಂದಿಟ್ಟುಕೊಳ್ಳೋಣ. ಹೈಸ್ಕೂಲಿನ ಭೌತಶಾಸ್ತ್ರ ಸಾಕು: ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಸುಮಾರು 63,700 ಜೂಲ್. ಕ್ಯಾಲೊರಿಗೆ ತಿರುಗಿಸಿದರೆ ಬರೀ 15. ಆದರೆ ನಮ್ಮ ಸ್ನಾಯುಗಳು ಉರಿಸಿದ ಶಕ್ತಿಯಲ್ಲಿ ಶೇ 20ರಿಂದ 25ರಷ್ಟು ಮಾತ್ರ ಕೆಲಸಕ್ಕೆ ಬರುತ್ತದೆ, ಮಿಕ್ಕಿದ್ದೆಲ್ಲ ಶಾಖವಾಗಿ ಹೋಗುತ್ತದೆ. ಹಾಗಾಗಿ ನಿಜವಾದ ಖರ್ಚು 60ರಿಂದ 75. ಇಳಿಯುವ ಶ್ರಮವನ್ನೂ ಸೇರಿಸಿ ಧಾರಾಳವಾಗಿ 100 ಅನ್ನೋಣ. ಕೆಳಗೆ ಬಂದು ಹೆದ್ದಾರಿ ಬದಿಯಲ್ಲಿ ಒಂದು ಲೋಟ, ಅಂದರೆ 200 ಮಿ.ಲೀ. ಕಬ್ಬಿನ ಹಾಲು ಕುಡಿದರೆ, ಅದರಲ್ಲಿ ಸಕ್ಕರೆ ಶೇ 15 ಎಂದರೂ 30 ಗ್ರಾಂ ಆಯಿತು. ಗ್ರಾಂಗೆ ನಾಲ್ಕರಂತೆ 120 ಕ್ಯಾಲೊರಿ. ಬೆಟ್ಟ ಹತ್ತಿ ಇಳಿದದ್ದು ಒಂದು ಲೋಟಕ್ಕೂ ಸಾಲಲಿಲ್ಲ.

ಇದು ಕರಿಘಟ್ಟ ಹತ್ತುವವರ ತಪ್ಪೇನೂ ಅಲ್ಲ. ಕೆನಡಾದ ಒಟ್ಟಾವದಲ್ಲಿ ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಸಾಧಾರಣ ಮೈಕಟ್ಟಿನ 16 ಗಂಡಸರು, ಹೆಂಗಸರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ, ಒಮ್ಮೆ 200, ಇನ್ನೊಮ್ಮೆ 300 ಕ್ಯಾಲೊರಿ ಖರ್ಚಾಗುವ ಹೊತ್ತಿಗೆ ನಿಲ್ಲಿಸಿದರು. ಎಷ್ಟು ಖರ್ಚಾಗಿರಬಹುದು ಎಂದು ಕೇಳಿದಾಗ ಅವರು ಊಹಿಸಿದ್ದು ನಿಜವಾದದ್ದಕ್ಕಿಂತ ಮೂರು-ನಾಲ್ಕು ಪಟ್ಟು ಹೆಚ್ಚು. ಆಮೇಲೆ ಬಫೆ ಊಟದ ಮುಂದೆ ನಿಲ್ಲಿಸಿ, ‘ಖರ್ಚಾದಷ್ಟನ್ನು ಮಾತ್ರ ತಿನ್ನಿ’ ಎಂದರು. ತಿಂದದ್ದು ಎರಡು-ಮೂರು ಪಟ್ಟು. ಅವರು ಹೊಟ್ಟೆಬಾಕರಲ್ಲ, ಸುಳ್ಳು ಹೇಳುವವರೂ ಅಲ್ಲ. ಪ್ರಾಮಾಣಿಕವಾಗಿ ಅಂದಾಜು ಮಾಡಿದರು, ಪ್ರಾಮಾಣಿಕವಾಗಿಯೇ ತಪ್ಪಿದರು. ಗಮನಿಸಬೇಕಾದ್ದು ಆ ತಪ್ಪಿನ ದಿಕ್ಕನ್ನು. ಮಾಡಿದ ಕೆಲಸದ ಅಂದಾಜು ಮೇಲಕ್ಕೆ ಹಾರುತ್ತದೆ, ತಿಂದದ್ದರ ಅಂದಾಜು ಕೆಳಗೇ ಉಳಿಯುತ್ತದೆ. ಎರಡೂ ಕಡೆ ಲಾಭ ನಮಗೇ.

ಅಷ್ಟಕ್ಕೂ ಮೈಯೊಳಗಿನ ಖರ್ಚನ್ನು ಅಳೆಯಬಹುದು ಎಂದು ಮೊದಲು ಹೊಳೆದದ್ದು ಯಾರಿಗೆ? ಇಲ್ಲಿ ಪಾಂಡವಪುರದವರಿಗೆ ಒಂದು ದೂರದ ನಂಟಿದೆ. ಹಿರೋಡೆ ಎನ್ನುತ್ತಿದ್ದ ಈ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರು ಬಂದದ್ದು ಹೈದರ್, ಟಿಪ್ಪು ಕಾಲದಲ್ಲಿ ಅವರ ಪರವಾಗಿದ್ದ ಫ್ರೆಂಚ್ ಸೈನಿಕರು ಇಲ್ಲಿ ಬೀಡುಬಿಟ್ಟಿದ್ದರಿಂದ. ಅದೇ ಕಾಲದಲ್ಲಿ, ಹೈದರ್ ತೀರಿಕೊಂಡ 1782-83ರ ಚಳಿಗಾಲದಲ್ಲಿ, ಪ್ಯಾರಿಸ್‌ನಲ್ಲಿ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿ ಇಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯೊಳಗೆ ಕೂರಿಸಿ, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು ಎಂದು ತೂಗುತ್ತಿದ್ದರು. ಉಸಿರಾಟವೂ ಒಂದು ನಿಧಾನದ ಉರಿ ಎಂಬ ತೀರ್ಮಾನಕ್ಕೆ ಬಂದದ್ದು ಹಾಗೆ. ಮುಂದೆ ಲವಾಸಿಯೆ ತನ್ನ ಸಹಾಯಕ ಸೆಗ್ಯಾಂಗೆ ಮುಖವಾಡ ತೊಡಿಸಿ, ಸುಮ್ಮನಿದ್ದಾಗ, ಉಂಡಾಗ, ಭಾರ ಎತ್ತಿದಾಗ ಎಷ್ಟು ಆಮ್ಲಜನಕ ಬೇಕಾಗುತ್ತದೆ ಎಂದೂ ಅಳೆದ. ಇಂದಿಗೂ ಪ್ರಯೋಗಾಲಯಗಳಲ್ಲಿ ನಡೆಯುವುದು ಆ ಮುಖವಾಡದ ಕೆಲಸವೇ. ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲೊರಿ ಖರ್ಚಾಗಿದೆ ಎಂದು ಲೆಕ್ಕ. ನಾವು ಮಾತಿನಲ್ಲಿ ಕ್ಯಾಲೊರಿ ಎನ್ನುವುದು ವಿಜ್ಞಾನದ ಕಿಲೋ ಕ್ಯಾಲೊರಿಯನ್ನು, ಅಂದರೆ ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುವಷ್ಟು ಶಕ್ತಿಯನ್ನು.

ಮುಖವಾಡ ಹಾಕಿಕೊಂಡು ನಾಲೆ ಏರಿ ಮೇಲೆ ನಡೆಯಲಾಗದು. ಅದಕ್ಕೇ ಬೇರೆ ಬೇರೆ ಕೆಲಸಗಳಿಗೆ ಎಷ್ಟು ಖರ್ಚು ಎಂಬ ಪಟ್ಟಿಯೊಂದನ್ನು ವಿಜ್ಞಾನಿಗಳು 1993ರಿಂದ ಪರಿಷ್ಕರಿಸುತ್ತ ಬಂದಿದ್ದಾರೆ. ಸುಮ್ಮನೆ ಕೂತಾಗಿನ ಖರ್ಚನ್ನು ಒಂದು ‘ಮೆಟ್’ ಎಂದು ಇಟ್ಟುಕೊಂಡು, ಮಿಕ್ಕ ಕೆಲಸ ಅದರ ಎಷ್ಟು ಪಟ್ಟು ಎಂದು ಹೇಳುವ ಪದ್ಧತಿ ಅದು. ಒಂದು ಮೆಟ್ ಎಂದರೆ ಗಂಟೆಗೆ, ಒಂದು ಕೆ.ಜಿ. ತೂಕಕ್ಕೆ, ಹೆಚ್ಚುಕಡಿಮೆ ಒಂದು ಕ್ಯಾಲೊರಿ. ಹಠಯೋಗದ ಆಸನಗಳಿಗೆ ಎರಡೂವರೆ, ಗಂಟೆಗೆ 5 ಕಿ.ಮೀ. ವೇಗದ ನಡಿಗೆಗೆ ಮೂರೂವರೆ, ಮೋಜಿನ ಬ್ಯಾಡ್ಮಿಂಟನ್‌ಗೆ ಐದೂವರೆ, ಗಂಟೆಗೆ 8 ಕಿ.ಮೀ. ಓಟಕ್ಕೆ ಎಂಟರ ಮೇಲೆ.

ಈಗ ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಬೆಳಿಗ್ಗೆ ಒಂದು ಗಂಟೆ ನಡೆದ 65 ಕೆ.ಜಿ. ತೂಕದವರನ್ನು ತೆಗೆದುಕೊಳ್ಳಿ. ಮೂರೂವರೆಯನ್ನು 65ರಿಂದ ಗುಣಿಸಿದರೆ 228. ಆದರೆ ಇಷ್ಟೂ ವಾಕಿಂಗ್‌ನ ಖಾತೆಗೆ ಸೇರದು. ಸಿಗ್ನಲ್‌ನಲ್ಲಿ ನಿಂತ ಬೈಕಿನ ಎಂಜಿನ್ ಪೆಟ್ರೋಲು ಕುಡಿಯುತ್ತಲೇ ಇರುವ ಹಾಗೆ, ಮನೆಯಲ್ಲಿ ಪೇಪರ್ ಓದುತ್ತ ಕೂತಿದ್ದರೂ ಆ ಒಂದು ಗಂಟೆಗೆ ಅವರ ಮೈ 65 ಕ್ಯಾಲೊರಿ ಉರಿಸುತ್ತಿತ್ತು. ಅದನ್ನು ಕಳೆದರೆ ನಡಿಗೆಯಿಂದ ಹೆಚ್ಚುವರಿಯಾಗಿ ಖರ್ಚಾದದ್ದು 163. ಈ ಕಳೆಯುವ ಲೆಕ್ಕವನ್ನು ಬಹಳ ಮಂದಿ ಮಾಡುವುದೇ ಇಲ್ಲ. ವಾಚ್‌ನಲ್ಲಿ ‘ಟೋಟಲ್’ ಬೇರೆ, ‘ಆ್ಯಕ್ಟಿವ್’ ಬೇರೆ ಎಂದು ಎರಡು ಸಂಖ್ಯೆ ತೋರಿಸುವುದು ಇದಕ್ಕೇ. ನಮ್ಮ ಕಣ್ಣು ಹೋಗುವುದು ದೊಡ್ಡದರ ಮೇಲೆ.

ನಾಲೆ ಏರಿ ಮುಗಿದು ಟೀ ಅಂಗಡಿ ಬರುವಲ್ಲಿ ಕೇಳುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಐನೂರು ತೋರಿಸ್ತೈತೆ ನೋಡ್ಲಾ ವಾಚು.’ ‘ಹಂಗಾದ್ರೆ ಎರಡು ಬೋಂಡಾ ಹಾಕ್ಸು, ಏನೂ ಆಗಾಕಿಲ್ಲ.’ ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಬೋಂಡಾ ಹೀರಿಕೊಂಡ ಎಣ್ಣೆ 10 ಗ್ರಾಂ ಆದರೂ ಸಾಕು, 90 ಕ್ಯಾಲೊರಿ. ಹಿಟ್ಟಿನದು, ಟೀ ಸಕ್ಕರೆಯದು ಬೇರೆ.

ಅಂದಾಜು ಇಷ್ಟು ತಪ್ಪುವುದು ಯಾಕೆ? ನಾವು ಖರ್ಚನ್ನು ನೋಡುವುದಿಲ್ಲ, ಖರ್ಚಿನ ಜೊತೆ ಬರುವ ಗುರುತುಗಳನ್ನು ನೋಡುತ್ತೇವೆ. ಮೊದಲನೆಯದು ಬೆವರು. ಬೆವರುವುದು ಮೈ ತಂಪಾಗಲಿಕ್ಕೆ, ಕೊಬ್ಬು ಕರಗಲಿಕ್ಕಲ್ಲ. ಅದೇ ದೂರವನ್ನು ಅದೇ ವೇಗದಲ್ಲಿ ಏಪ್ರಿಲ್‌ನಲ್ಲಿ ನಡೆದರೆ ಅಂಗಿ ಒದ್ದೆ, ಡಿಸೆಂಬರ್‌ನಲ್ಲಿ ನಡೆದರೆ ಒಣಗಿದ್ದು. ಖರ್ಚು ಹೆಚ್ಚುಕಡಿಮೆ ಒಂದೇ. ನೀರು ನಿಂತ ಗದ್ದೆಗಳ ನಡುವೆ ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಬೆವರು ಆರದೆ ತೊಟ್ಟಿಕ್ಕುತ್ತದೆ. ನಾಗಮಂಗಲದ ಕಡೆಯ ಒಣ ಹೊಲದಲ್ಲಿ ಬಿಸಿಲಿಗೆ ಅಷ್ಟೇ ಬೆವರಿದರೂ ಅದು ಹಾಗೇ ಆರಿಹೋಗಿ ಕಾಣುವುದೇ ಇಲ್ಲ. ಶ್ರೀರಂಗಪಟ್ಟಣದವರು ಹೆಚ್ಚು ದುಡಿದರು, ನಾಗಮಂಗಲದವರು ಕಡಿಮೆ ದುಡಿದರು ಎಂದು ಇದರಿಂದ ಹೇಳಲು ಬರುತ್ತದೆಯೇ? ಹೊಟ್ಟೆಗೆ ಬೆಲ್ಟ್ ಸುತ್ತಿ, ಮೈಗೆ ಪ್ಲಾಸ್ಟಿಕ್ ಜಾಕೆಟ್ ಹಾಕಿ ಓಡುವವರು ಕಳೆದುಕೊಳ್ಳುವುದು ನೀರನ್ನು. ಓಡಿ ಬಂದು ತೂಕ ನೋಡಿದರೆ ಅರ್ಧ ಕೆ.ಜಿ. ಇಳಿದಿರುತ್ತದೆ, ಎರಡು ಚೊಂಬು ನೀರು ಕುಡಿದರೆ ವಾಪಸ್ಸು ಬಂದಿರುತ್ತದೆ. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 160ರಂತೆ ಅದನ್ನು ಕರಗಿಸಲು 48 ದಿನ ಬೇಕು, ಅದೂ ಊಟ ಒಂದಿಷ್ಟೂ ಹೆಚ್ಚದಿದ್ದರೆ.

ಎರಡನೆಯ ಗುರುತು ದಣಿವು. ಅಭ್ಯಾಸ ಇಲ್ಲದವರಿಗೆ ಕುಂತಿಬೆಟ್ಟದ ಅರ್ಧ ದಾರಿಗೇ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ದಿನಾ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುವವರು ಮಾತಾಡಿಕೊಂಡೇ ಹತ್ತಿಬಿಡುತ್ತಾರೆ. ಇಬ್ಬರ ತೂಕವೂ ಒಂದೇ ಆದರೆ ಏರಿದ ಎತ್ತರಕ್ಕೆ ಆದ ಖರ್ಚೂ ಹತ್ತಿರಹತ್ತಿರ ಒಂದೇ. ದಣಿವು ಹೇಳುವುದು ನಮ್ಮ ಶಕ್ತಿಯ ಮಿತಿಯನ್ನು. ಕೆಲಸದ ಅಳತೆ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಮಣಿಕಟ್ಟಿನ ವಾಚ್ ನಂಬೋಣವೇ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಆಗ ಮಾರುಕಟ್ಟೆಯಲ್ಲಿದ್ದ ಏಳು ಬಗೆಯ ವಾಚ್, ಬ್ಯಾಂಡ್‌ಗಳನ್ನು 60 ಮಂದಿಯ ಕೈಗೆ ಕಟ್ಟಿ ಪರೀಕ್ಷಿಸಿ 2017ರಲ್ಲಿ ವರದಿ ಕೊಟ್ಟರು. ಎದೆಬಡಿತವನ್ನು ಏಳರಲ್ಲಿ ಆರು ಸಾಧನಗಳು ಶೇ 5ರೊಳಗಿನ ತಪ್ಪಿನಲ್ಲಿ ಹೇಳಿದವು. ಕ್ಯಾಲೊರಿ ವಿಷಯಕ್ಕೆ ಬಂದಾಗ ಎಲ್ಲಕ್ಕಿಂತ ಒಳ್ಳೆಯದು ಎನಿಸಿದ್ದೇ ಸರಾಸರಿ ಶೇ 27ರಷ್ಟು ತಪ್ಪಿತು, ಎಲ್ಲಕ್ಕಿಂತ ಕೆಟ್ಟದ್ದು ಶೇ 93ರಷ್ಟು. ವಾಚ್ ಅಳೆಯುವುದು ಚರ್ಮದ ಕೆಳಗಿನ ರಕ್ತದ ಮಿಡಿತ ಮತ್ತು ಕೈಯ ಅಲುಗಾಟವನ್ನು. ಅದಕ್ಕೆ ನಾವು ಕೊಟ್ಟ ವಯಸ್ಸು, ತೂಕ, ಎತ್ತರ ಸೇರಿಸಿ ಕಂಪನಿಯ ಸೂತ್ರವೊಂದು ಕ್ಯಾಲೊರಿಯನ್ನು ಊಹಿಸುತ್ತದೆ. ಅದರ ಊಹೆಗೆ ಪಾಯಿಂಟ್ ಹಾಕಿ ಒಂದೆರಡು ಅಂಕಿ ಸೇರಿಸಿದರೆ ಅದು ಅಳತೆ ಆಗಿಬಿಡುವುದಿಲ್ಲ. ಅದೇ ಪರೀಕ್ಷೆಯಲ್ಲಿ ಕಪ್ಪು ಮೈಬಣ್ಣದವರಲ್ಲಿ, ದಪ್ಪಗಿರುವವರಲ್ಲಿ ತಪ್ಪು ಹೆಚ್ಚು ಕಂಡಿತು. ನಮ್ಮೂರಿನವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಕೆಲಸಗಳೂ ಆ ವಾಚ್‌ಗೆ ಅರ್ಥವಾಗುವಂಥವಲ್ಲ. ಹುಲ್ಲಿನ ಹೊರೆ ಹೊತ್ತ ಹೆಂಗಸಿನ ಎರಡೂ ಕೈ ಹೊರೆ ಹಿಡಿದು ಮೇಲಿರುತ್ತವೆ, ಬೀಸುವುದಿಲ್ಲ. ತಲೆ ಮೇಲೆ ಭಾರ ಇದೆ ಎಂಬುದೂ ಅದಕ್ಕೆ ತಿಳಿಯದು. ಟ್ರ್ಯಾಕ್ಟರ್ ಸೀಟಿನಲ್ಲಿ ಕೂತು ಗುಂಡಿ ರಸ್ತೆಯಲ್ಲಿ ಹೋದವನ ಕೈ ಕುಲುಕಿದರೆ ಅದೂ ಹೆಜ್ಜೆಯಾಗಿ ಎಣಿಕೆಯಾದೀತು. ಇನ್ನು ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಂತ್ರವೂ ವೈದ್ಯರ ಲೆಕ್ಕದಿಂದ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ ಬಂದದ್ದು.

ಸೂತ್ರಗಳಲ್ಲಿ ಇನ್ನೊಂದು ತೊಡಕಿದೆ. ಸುಮ್ಮನಿದ್ದಾಗ ಮೈ ಎಷ್ಟು ಉರಿಸುತ್ತದೆ ಎನ್ನುವ ಹಳೆಯ ಅಂತರರಾಷ್ಟ್ರೀಯ ಸೂತ್ರಗಳ ಹಿಂದಿದ್ದ ಮೈಗಳು ಬಹುಪಾಲು ಯುರೋಪಿನವು. ಭಾರತೀಯರಿಗೆ ಅವು ಹೆಚ್ಚಾಗಿ ತೋರಿಸುತ್ತವೆ ಎಂದು ಸಾಬೀತು ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರು ಪ್ರಮುಖರು. ಪ್ರಕಾಶ್ ಶೆಟ್ಟಿ, ಅನುರ ಕುರ್ಪಾಡ್ ಮತ್ತು ಸಂಗಡಿಗರು ದಶಕಗಳ ಕಾಲ ಭಾರತೀಯರ ಮೈಯ ಖರ್ಚನ್ನೇ ಅಳೆಯುತ್ತ ಬಂದರು. ತಳದ ಅಂಕಿಯೇ ಹೆಚ್ಚಾಗಿದ್ದರೆ ಅದರ ಮೂರೂವರೆ ಪಟ್ಟು ಎಂದು ಹೇಳುವ ನಡಿಗೆಯ ಅಂಕಿಯೂ ಹೆಚ್ಚೇ ಆಗುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ಮುಖ್ಯ ಪ್ರಶ್ನೆಗೆ ಬರಬೇಕು. ಹಿಟ್ಟಂ ತಿಂದಂ ಬೆಟ್ಟಂ ಕಿತ್ತಿಟ್ಟಂ ಎನ್ನುವ ಗಾದೆ ಹುಟ್ಟಿದ ನೆಲ ಇದು. ನಮ್ಮ ತಾತಂದಿರು ಎರಡು-ಮೂರು ಮುದ್ದೆ ಉಂಡೂ ಸಣಕಲಾಗಿಯೇ ಇದ್ದರಲ್ಲ, ನಾವು ಒಂದಕ್ಕೇ ಯಾಕೆ ಹೊಟ್ಟೆ ಬರಿಸಿಕೊಂಡೆವು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಲ್ಲಿ ಉತ್ತರದ ಅರ್ಧ ಭಾಗ ಇದೆ. 65 ಕೆ.ಜಿ. ಗಂಡಸು ಕೂತು ಮಾಡುವ ಕೆಲಸದಲ್ಲಿದ್ದರೆ ದಿನಕ್ಕೆ 2,110 ಕ್ಯಾಲೊರಿ ಸಾಕು. ಮೈಮುರಿಯುವ ದುಡಿಮೆಯಾದರೆ 3,470 ಬೇಕು. ವ್ಯತ್ಯಾಸ 1,360. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕ್ಯಾಲೊರಿ. ಅಂದರೆ ನೂರು ಗ್ರಾಂ ಹಿಟ್ಟಿನ ನಾಲ್ಕು ಮುದ್ದೆಗಳು ಬರೀ ದುಡಿಮೆಯ ಬಾಬ್ತಿಗೇ ಹೋಗುತ್ತಿದ್ದವು. ಕಬ್ಬು ಕಡಿದು, ಹೊರೆ ಕಟ್ಟಿ, ಗಾಡಿಗೆ ತುಂಬುವವನ ದಿನ ಅದು.

ಆ ದಿನ ಈಗ ಎಷ್ಟು ಮಂದಿಗಿದೆ? ನಾಲೆ ಬಯಲಿನ ಪಾಂಡವಪುರ, ಶ್ರೀರಂಗಪಟ್ಟಣದಲ್ಲಿ ಉಳುವುದಕ್ಕೆ ಟ್ರ್ಯಾಕ್ಟರ್, ಕೆಸರು ಮಾಡಲು ಟಿಲ್ಲರ್, ಕುಯ್ಲಿಗೆ ಯಂತ್ರ ಬಂದಿವೆ. ಮಳೆ ನಂಬಿದ ನಾಗಮಂಗಲ, ಕೆ.ಆರ್. ಪೇಟೆಯ ಹೊಲಗಳಲ್ಲೂ ರಾಗಿ ಒಕ್ಕಣೆಗೆ ಕಣ ಮಾಡುವವರು ಕಡಿಮೆಯಾಗಿ, ರಸ್ತೆ ಮೇಲೆ ಹರಡಿ ಗಾಡಿಗಳಿಂದ ತುಳಿಸುವುದು, ಇಲ್ಲವೇ ಮಿಷನ್ ಕರೆಸುವುದು ನಡೆದಿದೆ. ತೋಟಕ್ಕೆ ನಡೆದು ಹೋಗುತ್ತಿದ್ದವರು ಬೈಕ್‌ನಲ್ಲಿ ಹೋಗುತ್ತಾರೆ. ಮೈಗೆ ನಿರಾಳವಾದ ಈ ಬದಲಾವಣೆಯನ್ನು ಹಳಿಯುವುದು ತಪ್ಪು. ಆದರೆ ದಿನಕ್ಕೆ ಸಾವಿರದ ಮೇಲೆ ಖರ್ಚು ಇಳಿದ ಕಡೆ ಒಂದು ಗಂಟೆ ವಾಕಿಂಗ್ ಮರಳಿಸುವುದು 160ನ್ನು, ಎಂಟರಲ್ಲಿ ಒಂದು ಪಾಲನ್ನು. ವಾಕಿಂಗ್ ಶುರು ಮಾಡಿದ್ದೇನೆ, ಇನ್ನು ಮೊದಲಿನ ಹಾಗೇ ಉಣ್ಣಬಹುದು ಎನ್ನುವವರು ತಪ್ಪುವುದು ಇಲ್ಲಿ.

ದುಡಿಮೆ ಇಳಿದರೆ ಹಸಿವೂ ತಾನಾಗಿ ಇಳಿಯಬೇಕಲ್ಲವೇ? ಇಳಿಯುವುದಿಲ್ಲ ಎಂದು ತೋರಿಸಿದ ಹೆಸರಾಂತ ಅಧ್ಯಯನವೊಂದು ನಮ್ಮ ದೇಶದ್ದೇ. ಪಶ್ಚಿಮ ಬಂಗಾಳದ ಸೆಣಬಿನ ಗಿರಣಿಯೊಂದರ ನೌಕರರನ್ನು ಜೀನ್ ಮೇಯರ್ ಮತ್ತು ಜೊತೆಗಾರರು ಅಧ್ಯಯನ ಮಾಡಿ 1956ರಲ್ಲಿ ಪ್ರಕಟಿಸಿದರು. ಸಾಧಾರಣ ದುಡಿಮೆಯಿಂದ ಭಾರಿ ದುಡಿಮೆಯವರೆಗೆ ಊಟ ದುಡಿಮೆಗೆ ತಕ್ಕ ಹಾಗೆ ಏರುತ್ತಿತ್ತು. ಕೂತೇ ಕೆಲಸ ಮಾಡುವವರಲ್ಲಿ ಮಾತ್ರ ಈ ಲೆಕ್ಕ ತಪ್ಪಿ, ಅವರು ಸಾಧಾರಣ ದುಡಿಮೆಯವರಿಗಿಂತ ಹೆಚ್ಚೇ ತಿನ್ನುತ್ತಿದ್ದರು, ತೂಕವೂ ಹೆಚ್ಚಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಗಂಡಸರು, ಹೆಂಗಸರು ಇಬ್ಬರಲ್ಲೂ ಸುಮಾರು ಶೇ 30 ಮಂದಿ ತೂಕ ಮೀರಿದವರೆಂದು ಕಂಡದ್ದಕ್ಕೆ ಇದೂ ಒಂದು ಕಾರಣ.

ಇದೇ ಲೆಕ್ಕದಲ್ಲಿ ಉಲ್ಟಾ ಹೊಡೆಯುವ ಒಂದು ಬಾಬ್ತಿದೆ: ಮನೆಯ ಹೆಂಗಸರ ಕೆಲಸ. ಕಸ ಗುಡಿಸಿ ನೆಲ ಸಾರಿಸುವುದಕ್ಕೆ ಮೆಟ್ ಪಟ್ಟಿಯಲ್ಲಿರುವ ಅಂಕಿ ವಾಕಿಂಗ್‌ನದಕ್ಕೆ ಸರಿಸಮ. ಕೊಟ್ಟಿಗೆ ಸಗಣಿ ಬಾಚಿ, ನೀರು ಹೊತ್ತು, ಒಲೆ ಮುಂದೆ ಕಾಲಲ್ಲಿ ಪಾತ್ರೆ ಅದುಮಿ ಹಿಟ್ಟು ತೊಳಸಿ, ಆಮೇಲೆ ಗದ್ದೆಗೆ ಹೋಗಿ ಬಗ್ಗಿ ನಾಟಿ ಹಾಕಿ ಬಂದವಳನ್ನು ಕೇಳಿದರೆ, ‘ನಾನೆಲ್ಲಿ ಎಕ್ಸರ್‌ಸೈಜ್ ಮಾಡ್ತೀನಿ ಸಾರ್’ ಅನ್ನುತ್ತಾಳೆ. ಬೂಟು ಹಾಕಿಕೊಂಡು ಹೊರಟ ಅರ್ಧ ಗಂಟೆಗೆ ಐನೂರು ಬರೆದುಕೊಳ್ಳುವ ನಾವು, ಈ ಇಡೀ ದಿನಕ್ಕೆ ಸೊನ್ನೆ ಬರೆಯುತ್ತೇವೆ. ಆಕೆಗೆ ಬೇಕಾದದ್ದು ಎಷ್ಟೋ ಸಲ ಇನ್ನಷ್ಟು ನಡಿಗೆ ಆಗಿರುವುದಿಲ್ಲ. ಕೊನೆಯಲ್ಲಿ ಉಳಿದದ್ದನ್ನು ಉಣ್ಣುವ ಬದಲು ಹೊತ್ತಿಗೆ ಸರಿಯಾಗಿ ಕಾಳು, ಸೊಪ್ಪು, ಮೊಟ್ಟೆ ಇರುವ ಊಟ ಆಗಿರುತ್ತದೆ.

ಲೆಕ್ಕವನ್ನು ಇನ್ನೂ ಸಿಕ್ಕಾಗಿಸುವ ಒಂದು ಮಾತು ಉಳಿದಿದೆ. ತಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ಹರ್ಮನ್ ಪಾಂಟ್ಸರ್ ತಂಡ ಅವರಿಗೆ ಗುರುತು ಹಚ್ಚಿದ ನೀರು ಕುಡಿಸಿ, ಮೂತ್ರದ ಮಾದರಿಯಿಂದ ದಿನದ ಒಟ್ಟು ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿತು. ಮೈಗಾತ್ರಕ್ಕೆ ಹೊಂದಿಸಿ ನೋಡಿದಾಗ ಅವರ ಖರ್ಚು ಅಮೆರಿಕ, ಯುರೋಪಿನ ನಗರವಾಸಿಗಳದ್ದಕ್ಕಿಂತ ಹೆಚ್ಚಿರಲಿಲ್ಲ. ಒಂದು ಕಡೆ ದುಡಿಮೆ ಹೆಚ್ಚಾದರೆ ಮೈ ಇನ್ನೊಂದು ಕಡೆ ಒಳಗೊಳಗೇ ಉಳಿತಾಯ ಮಾಡುತ್ತದೆ ಎಂಬುದು ಪಾಂಟ್ಸರ್ ವಾದ. ಎಷ್ಟರ ಮಟ್ಟಿಗೆ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ನಡೆದೇ ಇದೆ. ಬೆಳಿಗ್ಗೆ ಮೈದಾನದಲ್ಲಿ ಓಡಿದವರು ಮಧ್ಯಾಹ್ನ ಪಕ್ಕದ ಅಂಗಡಿಗೂ ಗಾಡಿ ತೆಗೆಯುವುದಂತೂ ಎಲ್ಲರೂ ಕಂಡದ್ದೇ. ವಾದ ಯಾವ ಕಡೆ ತೀರ್ಮಾನವಾದರೂ ನಮ್ಮ ಅಂದಾಜಿಗೆ ಅದರಿಂದ ಅನುಕೂಲವಿಲ್ಲ: ಕಾಗದದ ಮೇಲಿನ 160 ನಿಜದಲ್ಲಿ ಇನ್ನೂ ಕಡಿಮೆ ಇದ್ದೀತು.

ಹಾಗಂತ ವಾಕಿಂಗ್ ಬಿಟ್ಟು ಹೊದ್ದು ಮಲಗಿ ಎಂದು ಅರ್ಥವಲ್ಲ. ಕ್ಯಾಲೊರಿಯನ್ನೇ ನಡಿಗೆಯ ಫಲ ಎಂದುಕೊಂಡದ್ದರಿಂದ ಅದರ ನಿಜವಾದ ಫಲಗಳು ನಮಗೆ ಸಣ್ಣದಾಗಿ ಕಂಡಿವೆ. ಊಟವಾದ ಮೇಲಿನ ಹತ್ತು-ಹದಿನೈದು ನಿಮಿಷದ ನಡಿಗೆ ರಕ್ತದ ಸಕ್ಕರೆಯ ಏರಿಕೆಯನ್ನು ತಗ್ಗಿಸುತ್ತದೆ. ಬಿ.ಪಿ. ಹತೋಟಿಗೆ, ನಿದ್ದೆಗೆ, ಮೂಳೆ-ಸ್ನಾಯುಗಳ ಗಟ್ಟಿತನಕ್ಕೆ, ಇಳಿಸಿದ ತೂಕ ಮತ್ತೆ ಏರದಿರುವುದಕ್ಕೆ ಅದು ಬೇಕೇ ಬೇಕು. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಚುರುಕಾದ ನಡಿಗೆಯಂಥ ಚಟುವಟಿಕೆ ಇರಲಿ ಎನ್ನುತ್ತದೆ. ಅಲ್ಲಿ ಕೊಟ್ಟಿರುವುದು ನಿಮಿಷಗಳನ್ನು, ಕ್ಯಾಲೊರಿಗಳನ್ನಲ್ಲ. ನಿಮಿಷ ಎಣಿಸಲು ಯಾರೂ ತಪ್ಪುವುದಿಲ್ಲವಲ್ಲ.

ಅಷ್ಟಾಗಿಯೂ ಕ್ಯಾಲೊರಿ ತಿಳಿಯಲೇಬೇಕು ಎನ್ನುವವರಿಗೆ ವಾಚ್ ಬೇಡದ ಒಂದು ಸುಲಭ ಲೆಕ್ಕ ಇದೆ. ಸಮತಟ್ಟಾದ ದಾರಿಯಲ್ಲಿ ಒಂದು ಕಿ.ಮೀ. ನಡೆದರೆ ಹೆಚ್ಚುವರಿ ಖರ್ಚು ನಿಮ್ಮ ತೂಕದ ಅರ್ಧದಷ್ಟು: 65 ಕೆ.ಜಿ.ಗೆ ಸುಮಾರು 32. ಓಡಿದರೆ ಹತ್ತಿರಹತ್ತಿರ ತೂಕದಷ್ಟು. ಏರು ಇದ್ದರೆ ಸ್ವಲ್ಪ ಸೇರಿಸಿ. ಬೆವರು, ಏದುಸಿರು, ಮೈಕೈ ನೋವಿಗೆ ಏನೂ ಸೇರಿಸಬೇಡಿ. ತಟ್ಟೆಗೆ ಎಷ್ಟು ಬಡಿಸಿಕೊಳ್ಳಬೇಕು ಎನ್ನುವುದನ್ನು ಬೆಳಗಿನ ವಾಕಿಂಗ್‌ಗೆ ಗಂಟು ಹಾಕದೆ ಬೇರೆಯಾಗಿಯೇ ತೀರ್ಮಾನಿಸಿ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ ಮಾಡಿ. ಮೇಲುಕೋಟೆ ಬೆಟ್ಟ ಹತ್ತಿ ಇಳಿದಾಗ ಪುಳಿಯೋಗರೆ ತಿನ್ನಬೇಕೆನಿಸಿದರೆ ಧಾರಾಳವಾಗಿ ತಿನ್ನಿ, ರುಚಿಗೆ ತಿನ್ನಿ; ಬೆಟ್ಟ ಹತ್ತಿದ ಕೂಲಿ ಎಂದು ಮಾತ್ರ ತಿನ್ನಬೇಡಿ. ಈ ಯಾವ ಲೆಕ್ಕವೂ ನೆನಪಿಗೆ ಬರದಿದ್ದರೆ, ಕರಗಿತು ಎಂದು ಮನಸ್ಸಿಗೆ ಬಂದ ಸಂಖ್ಯೆಯನ್ನು ಮೂರರಿಂದ ಭಾಗಿಸಿ. ಒಟ್ಟಾವದವರ ಪರೀಕ್ಷೆ ನಂಬುವುದಾದರೆ, ಆಗಲೂ ನಿಮ್ಮ ಅಂದಾಜು ಸ್ವಲ್ಪ ಧಾರಾಳವೇ ಆಗಿದ್ದೀತು.